ಉಲ್ಟಾ ಥ್ರೆಡ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಕೊಟ್ಟಿಗೆಗೆ ತಾಗಿದಂತೆ ಒಂದು ಮಾಡು ಇರುತ್ತದೆ. ಒಳಗೆ ಹಾಳೆಯ ಕಟ್ಟು, ದರಗಿನ ಹೆಡಿಗೆ, ಮೆಟ್ಟಿಲು ಕಳಚಿದ ಏಣಿ, ಔಷಧಿ ಹೊಡೆಯುವ ಹಳೆಯ ಪಂಪು. ಇವೆಲ್ಲದರ ಅಡಿಯಲ್ಲಿ ಹುಡುಕಿದರೆ ಒಂದು ಜೀಪು. ಅದನ್ನು ಯಾರೂ ಓಡಿಸುವುದಿಲ್ಲ, ಮಾರುವುದೂ ಇಲ್ಲ. ಟಯರಿನ ಗಾಳಿ ಯಾವತ್ತೋ ಹೋಗಿದೆ. "ಅಪ್ಪಯ್ಯನ ಕಾಲದ್ದು" ಎಂಬ ಒಂದೇ ಮಾತಿನ ಬಲದ ಮೇಲೆ ಅದು ನಿಂತಿದೆ. ವರ್ಷಕ್ಕೊಮ್ಮೆ ಬೆಕ್ಕು ಅದರ ಹಿಂದಿನ ಸೀಟಿನಲ್ಲಿ ಮರಿ ಹಾಕುತ್ತದೆ.

ಇಂಥ ಜೀಪುಗಳಿಗೆ ಈಚೆಗೆ ಶುಕ್ರದೆಸೆ ತಿರುಗಿದೆ. ಬೆಂಗಳೂರಿನ ಕೆಲಸವನ್ನು ಊರಿನ ಜಗಲಿಯಲ್ಲಿ ಕೂತು ಮಾಡುವ ಹುಡುಗರಿಗೆ ಸಂಜೆ ಹೊತ್ತು ಕಳೆಯಲು ಒಂದು ದಾರಿ ಬೇಕಾಯಿತು. ಅಡಿಕೆಗೆ ರೇಟು ಬಂದ ವರ್ಷ ಕೈ ಕಡಿಯುವ ಯಜಮಾನರೂ ಇದ್ದಾರೆ. ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಎರಡನೇ ಗುಂಪಿನವನು. ಒಂದು ದಿನ ಹಾಳೆಯ ಕಟ್ಟನ್ನೆಲ್ಲ ಹೊರಗೆ ಹಾಕಿಸಿ, ಬೆಕ್ಕಿಗೆ ಬೇರೆ ವ್ಯವಸ್ಥೆ ಮಾಡಿ, ಜೀಪನ್ನು ಅಡಿಕೆ ಅಂಗಳಕ್ಕೆ ಎಳೆಸಿದ. ಆಮೇಲೆ ಅವನ ಬಾಯಿಂದ ಬಂದ ಮಾತು: "ಭಾವಾ, ಇಟ್ರೆ ಒರಿಜಿನಲ್ಲೇ ಇಡವು. ಇಲ್ದಿದ್ರೆ ಮುಟ್ಲೇ ಆಗ."

ಈ 'ಒರಿಜಿನಲ್' ಎಂಬುದು ಒಮ್ಮೆ ಹತ್ತಿದರೆ ಬಿಡುವ ಕಾಯಿಲೆಯಲ್ಲ.

ಜೀಪಿನ ವಂಶಾವಳಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪನ್ನು ಬಿಡಿಬಿಡಿಯಾಗಿ ಹಡಗಿನಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮೊದಲು ಬಂದದ್ದು ಮೂತಿ ತಗ್ಗಿದ ಜೀಪು. ನಮ್ಮವರು ಅದಕ್ಕೆ 'ಲೋ ಬಾನೆಟ್' ಅನ್ನುತ್ತಾರೆ. ಆಮೇಲೆ ಬಂದದ್ದು 'ಹೈ ಬಾನೆಟ್', ಕಂಪನಿಯ ಲೆಕ್ಕದಲ್ಲಿ ಸಿಜೆ-3ಬಿ. ಮೂತಿ ಎತ್ತರವಾದದ್ದು ಚಂದಕ್ಕಲ್ಲ. ಹಳೆಯ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಪಕ್ಕದಲ್ಲಿ, ಬ್ಲಾಕಿನೊಳಗೆ ಇದ್ದವು. ಹೊಸದರಲ್ಲಿ ಗಾಳಿ ಒಳಗೆಳೆಯುವ ವಾಲ್ವನ್ನು ಹೆಡ್ಡಿಗೆ ಏರಿಸಿದರು. ಎಂಜಿನ್ ಎತ್ತರವಾಯಿತು, ಬಾನೆಟ್ ಮುಚ್ಚಲಿಲ್ಲ, ಬಾನೆಟ್ಟನ್ನೇ ಎತ್ತಿದರು. ಅಮೆರಿಕದವರು ಇದನ್ನು 1968ರಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಆ ಮೂತಿ ಎಂಜಿನ್ ಬದಲಿಸಿಕೊಂಡು, ಗೇರ್‌ಬಾಕ್ಸ್ ಬದಲಿಸಿಕೊಂಡು, ಮತ್ತೂ ಎಷ್ಟೋ ದಶಕ ಓಡಿತು. ಆದ್ದರಿಂದ ಹೈ ಬಾನೆಟ್ಟಿನವನಿಗೆ ಮಡ್‌ಗಾರ್ಡು, ಗ್ರಿಲ್ಲು, ವಿಂಡ್‌ಶೀಲ್ಡ್ ಫ್ರೇಮು ಇಂಥವಕ್ಕೆ ಹೆಚ್ಚು ಅಲೆದಾಟವಿಲ್ಲ.

ಓಡುವ ಭಾಗಗಳಿಗಂತೂ ಹೊಸನಗರ ತಾಲ್ಲೂಕೇ ಸಾಕು. ಕೊಡಚಾದ್ರಿ ಇದೆಯಲ್ಲ! ಬೆಟ್ಟದ ಎತ್ತರ 1,343 ಮೀಟರ್. ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಪ್ರವಾಸಿಗರನ್ನು ತುಂಬಿಕೊಂಡು ಜೀಪುಗಳು ಹತ್ತುವ ಆ ಕಲ್ಲುಗುಂಡಿಯನ್ನು ರಸ್ತೆ ಅನ್ನುವುದು ನಮ್ಮ ಸೌಜನ್ಯ. ಅಲ್ಲಿ ಬ್ಲೇಡ್ ಸೆಟ್ ತುಂಡಾಗುವುದು, ಆಕ್ಸಲ್ ಮುರಿಯುವುದು, ಜಾಯಿಂಟ್ ಕ್ರಾಸ್ ಎಗರುವುದು ದಿನದ ಸಮಾಚಾರ. ರಿಪೇರಿಗೆಂದು ಶಿವಮೊಗ್ಗಕ್ಕೆ ಹೋಗಿ ಕೂತರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ಆ ಚಾಲಕರ ಮನೆಯ ಚಾವಡಿಯಲ್ಲಿ ಒಂದೊಂದು ಸ್ಪೇರ್ ಅಂಗಡಿಯೇ ಇರುತ್ತದೆ. ಮ್ಯೂಸಿಯಮ್ಮಿನಲ್ಲಿ ನಿಂತ ಜೀಪಿಗಿಂತ ಬೆಟ್ಟ ಹತ್ತುವ ಜೀಪು ಹಳೆಯ ಗಾಡಿಗಳ ಪಾಲಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ಅಭಿಪ್ರಾಯ. ಧರ್ಮಸ್ಥಳದ 'ಮಂಜೂಷಾ' ಮ್ಯೂಸಿಯಮ್ಮಿಗೆ, ಈಗ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಮ್ಮಿಗೆ ಹೋಗಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಕಾರುಗಳನ್ನು ನೋಡಿ ಕಣ್ಣು ತುಂಬಿಸಿಕೊಂಡು ಬರಬಹುದು. ಕ್ರಾಸು ಬೇಕಾದರೆ ಮಾತ್ರ ಕಟ್ಟಿನಹೊಳೆಗೇ ಹೋಗಬೇಕು.

ಭಾವನ ಜೀಪಿನ ಕಷ್ಟ ಶುರುವಾಗುವುದು ಬಾನೆಟ್ ಎತ್ತಿದ ಮೇಲೆ. ಒಳಗಿರುವುದು ವಿಲ್ಲಿಸ್ಸಿನ ಪೆಟ್ರೋಲ್ ಎಂಜಿನ್ ಅಲ್ಲ, ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ಪೆಟ್ರೋಲಿನ ಬೆಲೆ ಏರಿದ ಮೇಲೆ, ಜೀಪಿದ್ದ ತೋಟದ ಯಜಮಾನರೆಲ್ಲ ಮಾಡಿದ ಕೆಲಸ ಇದು. ಆ ವಿಲ್ಲಿಸ್ ಎಂಜಿನ್ 2.2 ಲೀಟರಿನದು, ಕುಡಿಯುವುದರಲ್ಲಿ ಗಟ್ಟಿ. ಟ್ರ್ಯಾಕ್ಟರಿನ ಎಂಜಿನ್ ಊರಲ್ಲೇ ಸಿಗುತ್ತಿತ್ತು, ರಿಪೇರಿ ಬಲ್ಲವರಿದ್ದರು, ಡೀಸೆಲ್ ಅಗ್ಗ. ಮುಂದೆ ಮಹೀಂದ್ರದವರೇ ಆ ಜಾತಿಯ ಎಂಜಿನ್ ಕೂರಿಸಿದ ಜೀಪು ಮಾರಿದರು, ಆಮೇಲೆ ಪೆಜೋ ಎಂಜಿನ್ ಬಂತು. ಭಾವನ ಅಪ್ಪಯ್ಯ ಕಂಪನಿಯನ್ನು ಕಾಯದೆ ಮೊದಲೇ ಕೂರಿಸಿದ್ದರು. ತೆಗೆದ ಪೆಟ್ರೋಲ್ ಎಂಜಿನ್ನನ್ನು ಏನು ಮಾಡಿದರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಗುಜರಿಗೆ ತೂಕಕ್ಕೆ ಹೋಗಿರಬೇಕು.

ಗುಜರಿಗೆ ಹೋದದ್ದನ್ನು ಗುಜರಿಯಿಂದಲೇ ತರಬೇಕಲ್ಲ? ಹೊಸ ಪಾರ್ಟು ಬೇಕಾದವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ. ಅಲ್ಲೂ ಇಲ್ಲವೆಂದರೆ ಚೆನ್ನೈನ ಪುದುಪೇಟೆ. ಸೇನೆಯ ಗಾಡಿಗಳ ಅಸ್ಥಿಪಂಜರಕ್ಕೆ ಪಶ್ಚಿಮ ಬಂಗಾಳದ ಪಾನಾಗಢ. ಇಲ್ಲೆಲ್ಲ ಒಂದು ಶಿಸ್ತು ಪಾಲಿಸಬೇಕು. ಬೇಕಾದ ವಸ್ತು ಕಣ್ಣಿಗೆ ಬಿದ್ದರೂ ಕಣ್ಣು ಅದರ ಮೇಲೆ ನಿಲ್ಲಬಾರದು. ಪಕ್ಕದಲ್ಲಿರುವ ಲಾರಿಯ ಡೈನಮೋದ ಬೆಲೆ ಕೇಳಬೇಕು, ಹೆಚ್ಚಾಯಿತೆಂದು ಮುಖ ಸಿಂಡರಿಸಬೇಕು, ಹೊರಡುವಾಗ ಕಾಲಿಗೆ ತಾಗಿತೆಂಬಂತೆ "ಇದೆಂತದು, ಇದನ್ನೂ ಮಾರ್ತೀರಾ?" ಅನ್ನಬೇಕು. ಭಾವನಿಗೆ ಈ ಜನ್ಮದಲ್ಲಿ ಇದು ಬರುವುದಿಲ್ಲ. ಕಾರ್ಬುರೇಟರ್ ಕಂಡರೆ ದೇವರ ಪ್ರಸಾದ ಕಂಡವನಂತೆ ಎರಡೂ ಕೈ ಚಾಚುತ್ತಾನೆ. ಅಂಗಡಿಯವನು ಮನಸ್ಸಿನಲ್ಲೇ ಬೆಲೆಯ ಹಿಂದೆ ಒಂದು ಸೊನ್ನೆ ಇಡುತ್ತಾನೆ.

ಅವನಿಗಿಂತ ಮುಂದೆ ಹೋದವರಿದ್ದಾರೆ, ಅದು ಸಮಾಧಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್‌ನವರೊಬ್ಬರಿಗೇ ಆಗದೆ ಫೋರ್ಡ್ ಕಂಪನಿಯೂ ಅದೇ ನಕ್ಷೆಯ ಜೀಪು ಮಾಡಿತು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ಫೋರ್ಡಿನವರು ತಮ್ಮ ಭಾಗ ಬೇರೆಯವರದರ ಜೊತೆ ಬೆರೆಯಬಾರದೆಂದು ಬೋಲ್ಟಿನ ತಲೆಯ ಮೇಲೂ 'ಎಫ್' ಎಂದು ಒತ್ತಿದರು. ಈಗ ಫೋರ್ಡ್ ಜೀಪಿನ ಭಕ್ತರು ಆ ಅಕ್ಷರವಿಲ್ಲದ ಬೋಲ್ಟನ್ನು ಗಾಡಿಯ ಹತ್ತಿರ ಸೇರಿಸುವುದಿಲ್ಲ. ಮಡಿ ಎಂಬುದು ನಮ್ಮ ಅಡುಗೆಮನೆಯಲ್ಲಿ ಮಾತ್ರ ಇರುವುದು ಎಂದುಕೊಂಡವರು ಇವರನ್ನು ನೋಡಬೇಕು.

ಜೀಪಿನ ತಳದ ಕತೆ ಬೇರೆ. ಇದು ಅಚ್ಚ ಮಲೆನಾಡಿನ ಕತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ, ಹುಲಿಕಲ್ಲಿನ ಕಡೆಯದ್ದೂ ಕಡಿಮೆಯಲ್ಲ. ಈ ಸೀಮೆಯಲ್ಲಿ ತಗಡು ತುಕ್ಕು ಹಿಡಿಯುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ತೋಟದ ಜೀಪಿನ ಹಿಂಭಾಗ ಮಾತ್ರ ಬೇರೆಲ್ಲ ಕಡೆಗಿಂತ ಬೇಗ ಜರಡಿಯಾಗುತ್ತದೆ. ಕಾರಣ ಕೊಳೆ ಔಷಧಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾಯಿತೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಹಾಗೆ ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ಹೋಗಿರಲೇಬೇಕು. ಮಳೆಗಾಲ ಬಂತೆಂದರೆ ಮೈಲುತುತ್ತದ ಚೀಲ, ಅರ್ಧ ಮುಚ್ಚಿದ ಡ್ರಮ್ಮು, ಸೋರುವ ಪೈಪು ಎಲ್ಲವನ್ನೂ ಹೊತ್ತ ಜೀಪಿನ ತಳದಲ್ಲಿ ನಡೆದದ್ದೂ ಇದೇ ಕತ್ತಿಯ ಪರೀಕ್ಷೆ. ಟಿಂಕರಿಂಗಿನವನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ತಳ ಹಪ್ಪಳದ ಹಾಗೆ ಉದುರಿತು. ಹೊಸ ತಗಡು ತಂದು ಬಗ್ಗಿಸಿ, ಹಳೆಯದರ ಮೇಲಿದ್ದ ಉಬ್ಬುಗೆರೆಗಳನ್ನು ಮರದ ಅಚ್ಚಿನ ಮೇಲೆ ಬಡಿದು ತೆಗೆದು ಕೂರಿಸಿದ್ದಾಯಿತು. ಇಲ್ಲಿ ಭಾವ ಒರಿಜಿನಲ್ ಎಂದು ಹಟ ಹಿಡಿಯಲಿಲ್ಲ. ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಪಾರ್ಟು ಹುಡುಕಿ ಸೋತಾಗ ಮಾಡಿಸುವ ದಾರಿ ತೆರೆದುಕೊಳ್ಳುತ್ತದೆ. ಹೊಸನಗರದ ಕಡೆ ಒಂದು ಎಂಜಿನಿಯರಿಂಗ್ ವರ್ಕ್ಸ್ ಇದೆ. ಹೆಸರು ದೊಡ್ಡದು, ಒಳಗಿರುವುದು ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷಿನ್, ವೆಲ್ಡಿಂಗ್ ಸೆಟ್ಟು, ಗೋಡೆಯಲ್ಲಿ ಕಾಳಿಕಾಂಬೆಯ ಫೋಟೋ. ಆಚಾರ್ರು ಮುಖ್ಯವಾಗಿ ಅಡಿಕೆ ಸುಲಿಯುವ ಮಷಿನ್ನಿನ ವೈದ್ಯರು. ಈ ಮಷಿನ್ನು ಬಂದ ಮೇಲೆ ನಮ್ಮ ಮೂರೂ ತಾಲ್ಲೂಕಿನ ಲೇತುಗಳಿಗೆ ಕೆಲಸ ಬಂತು. ಹಳೆಯ ಗಾಡಿಯ ಹುಚ್ಚರು ಮಾಡಬೇಕಾದ ದೊಡ್ಡ ನಮಸ್ಕಾರ ಆ ಮಷಿನ್ನಿಗೇ. ಅದಿಲ್ಲದಿದ್ದರೆ ಒಂದು ಬುಷ್ ತಿರುಗಿಸಲೂ ಶಿವಮೊಗ್ಗದ ಬಸ್ಸು ಹತ್ತಬೇಕಿತ್ತು. ಸುಗ್ಗಿಯಲ್ಲಿ ಹೋದರೆ ಆಚಾರ್ರು ಜೀಪಿನ ಸುದ್ದಿ ಎತ್ತಲು ಬಿಡುವುದಿಲ್ಲ. "ನಿಮ್ಮ ಜೀಪು ಓಡ್ದಿದ್ರೆ ಯಾರ ಮನೇಲೂ ಒಲೆ ನಿಲ್ಲಲ್ಲ ಭಟ್ರೆ. ಮಷಿನ್ ನಿಂತ್ರೆ ಕೊಯ್ದ ಅಡಿಕೆ ಕೊಳೀತದೆ. ಶಿವರಾತ್ರಿ ಕಳೀಲಿ, ಬನ್ನಿ."

ಶಿವರಾತ್ರಿ ಕಳೆದ ಮೇಲೆ ಹೋದೆವು. ಬೇಕಾದದ್ದು ಶಾಕಲ್ಲಿನ ಬುಷ್. ಬ್ಲೇಡ್ ಸೆಟ್ಟನ್ನು ಚಾಸಿಗೆ ತೂಗುಹಾಕುವ ಕೊಂಡಿಗೆ ಶಾಕಲ್ ಅನ್ನುತ್ತಾರೆ. ಹಳೆಯ ಜೀಪುಗಳಲ್ಲಿ ಅದರ ಕಾಲುಗಳಿಗೆ ಥ್ರೆಡ್ ಇರುತ್ತದೆ, ಬುಷ್ಷಿನ ಒಳಗೂ ಥ್ರೆಡ್. ಕೆಲವಕ್ಕೆ ಸೀದಾ, ಕೆಲವಕ್ಕೆ ಉಲ್ಟಾ. ಜೀಪಿನ ಎಡಗಡೆ ಚಕ್ರದ ನಟ್ಟುಗಳೂ ಹಾಗೆಯೇ ಉಲ್ಟಾ. ಗೊತ್ತಿಲ್ಲದವರು ಬಿಚ್ಚುತ್ತೇನೆಂದು ಪಾನದ ಮೇಲೆ ಹತ್ತಿ ನಿಂತು ಇನ್ನಷ್ಟು ಬಿಗಿ ಮಾಡಿ, ಕಡೆಗೆ ಸ್ಟಡ್ಡನ್ನೇ ಮುರಿಯುತ್ತಾರೆ. ಪೇಟೆಯಲ್ಲಿ ಸೀದಾ ಥ್ರೆಡ್ಡಿನ ಬುಷ್ ಸಿಕ್ಕಿತು. ಉಲ್ಟಾ ಕೇಳಿದಲ್ಲೆಲ್ಲ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

ಆಚಾರ್ರು ಸವೆದ ಬುಷ್ಷನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, ಬಾಯಿಗೆ ಎಲೆಯಡಿಕೆ ಹಾಕಿಕೊಂಡರು. ಅದು ಅವರು ಒಪ್ಪಿಕೊಂಡ ಲಕ್ಷಣ. ಲಾರಿಯ ಮುರಿದ ಆಕ್ಸಲ್ಲಿನ ತುಂಡೊಂದನ್ನು ಮೂಲೆಯಿಂದ ಎಳೆದರು. ಅದರ ಉಕ್ಕು ಅವರಿಗೆ ಗೊತ್ತು, ಅಂಗಡಿಯಿಂದ ತಂದ ಸರಳಿನದ್ದು ಗೊತ್ತಿಲ್ಲವಂತೆ. ಚಕ್ಕಿಗೆ ಕಚ್ಚಿಸಿ, ತೂತು ಕೊರೆದು, ಒಳಗೆ ಥ್ರೆಡ್ ತೆಗೆಯುವ ಟೂಲನ್ನು ಕಲ್ಲಿಗೆ ಹಿಡಿದು ಮಸೆದರು. ಮಸೆದದ್ದನ್ನು ಒಂದು ಸಣ್ಣ ತಗಡಿನ ಕಚ್ಚಿಗೆ ಇಟ್ಟು ಬೆಳಕಿಗೆ ಹಿಡಿದರು. ಅಮೆರಿಕದ ಥ್ರೆಡ್ಡಿನ ಹಲ್ಲು 60 ಡಿಗ್ರಿ, ಹಳೆಯ ಇಂಗ್ಲಿಷ್ ವಿಟ್‌ವರ್ತ್ ಹಲ್ಲು 55. ಐದು ಡಿಗ್ರಿ ಬರಿಗಣ್ಣಿಗೆ ಕಾಣುವುದಿಲ್ಲ. ತಪ್ಪಿದರೆ ಬುಷ್ ಎರಡು ಸುತ್ತು ಒಳಗೆ ಹೋಗಿ ಕಚ್ಚಿಕೊಂಡು ಕೂತುಬಿಡುತ್ತದೆ. ಆಮೇಲೆ ಲೇತಿನ ಎಡಬದಿಯ ಗೇರಿನ ಹಿಡಿಕೆ ಬದಲಿಸಿದರು. ಸಾಮಾನ್ಯವಾಗಿ ಟೂಲು ಹೊರಗಿನಿಂದ ಚಕ್ಕಿನ ಕಡೆಗೆ ಸಾಗುತ್ತಾ ಹಲ್ಲು ತೆಗೆಯುತ್ತದೆ. ಉಲ್ಟಾ ಥ್ರೆಡ್ಡಿಗೆ ತೂತಿನ ಆಳದಲ್ಲಿ ಮೊದಲೇ ಒಂದು ತೋಡು ಕೊರೆದು, ಟೂಲನ್ನು ಅಲ್ಲಿ ಕೂರಿಸಿ, ಒಳಗಿಂದ ಹೊರಗೆ ಬರಬೇಕು. ಕಾಣದ ಕಡೆಯಿಂದ ಕಾಣುವ ಕಡೆಗೆ. ಕಿವಿಯೇ ಕಣ್ಣು. ಒಂದೊಂದು ಸಲಕ್ಕೆ ಕೂದಲೆಳೆಯಷ್ಟು. ನೀಲಿ ಬಣ್ಣ ಹತ್ತಿದ ಸುರುಳಿ ಕಳಚಿ ಎಣ್ಣೆಯ ತಟ್ಟೆಗೆ ಬೀಳುತ್ತಿತ್ತು. ನಡುವೆ ಯಾರೋ ಮೋಟರಿನ ಪುಲ್ಲಿ ಹಿಡಿದು ಬಂದು ನಿಂತರು, ಆಚಾರ್ರು ತಲೆಯೆತ್ತಲಿಲ್ಲ. ಕಡೆಗೆ ಶಾಕಲ್ಲನ್ನು ಕೈಯಲ್ಲೇ ತಿರುಗಿಸಿ ಹಾಕಿದರು. ಅದು ಎಡಕ್ಕೆ ತಿರುಗುತ್ತಾ, ಅಲ್ಲಾಡದೆ, ತಡೆಯದೆ ಒಳಗೆ ಹೋಯಿತು.

"ಕಂಪನೀದು ಇಷ್ಟು ಸರಿ ಇತ್ತೋ ಇಲ್ವೋ," ಅಂದರು. ಹೆಮ್ಮೆಯಿಂದ ಅಂದದ್ದಲ್ಲ. ನಿಜವಾಗಿ ಅವರಿಗೆ ಆ ಅನುಮಾನ ಬಂದಿತ್ತು.

ಬ್ರೇಕು ಮತ್ತು ಸ್ಟಿಯರಿಂಗ್ ಕೆಲಸಕ್ಕೆ ಮಾತ್ರ ಆಚಾರ್ರು ಕೈ ಹಾಕುವುದಿಲ್ಲ. ಸವೆದ ವೀಲ್ ಸಿಲಿಂಡರಿನೊಳಗೆ ಹಿತ್ತಾಳೆಯ ಕೊಳವೆ ಕೂರಿಸಿ ಸರಿಮಾಡುವ ವಿದ್ಯೆ ಇದೆ, ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ನನ್ನ ಕಾಲಿನ ಕೆಳಗೆ ಕೊಂಡು ತಂದ ಹೊಸ ಸಿಲಿಂಡರ್ ಇರಲಿ. ಅಲ್ಲಿ ನನಗೆ ಒರಿಜಿನಲ್ಲೂ ಬೇಡ, ಪರಂಪರೆಯೂ ಬೇಡ.

ತೀರ್ಥಹಳ್ಳಿಯ ಗೆಳೆಯರೊಬ್ಬರದು ಬೇರೆ ಸಂಕಟ. ಅವರ ತಂದೆ ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು. ಅವರ ಫಿಯಟ್ 1100 ಮನೆಯಲ್ಲಿದೆ. ಹ್ಯಾಂಡ್ ಗೇರು, ಮುಂದಿನ ಕಿಟಕಿಗೆ ಬಟರ್‌ಫ್ಲೈ ಗ್ಲಾಸು, 1089 ಸಿಸಿಯ ಎಂಜಿನ್. ಫಿಯಟ್ ಇಟಲಿಯ ಮಗು, ಎಲ್ಲ ಮಿಲಿಮೀಟರಿನಲ್ಲಿ. ಜೀಪು, ಅಂಬಾಸಿಡರ್ ಇಂಚಿನವು. ಹಾಗಾಗಿ ಅಂದಿನ ಮೇಸ್ತ್ರಿಗಳ ಪೆಟ್ಟಿಗೆಯಲ್ಲಿ ಎರಡು ಜಾತಿಯ ಪಾನಗಳು ಬೇಕಿದ್ದವು. ಫಿಯಟ್ಟಿನ ತಮ್ಮ ಪದ್ಮಿನಿ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದಷ್ಟು ದಿನ ಬಿಡಿಭಾಗಗಳಿಗೆ ಅಲ್ಲಿ ಬರವಿರಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಆ ಊರಿನ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಈಗ ಉಳಿದಿರುವುದು ಸ್ಟಾಕು, ಅದಕ್ಕೆ ಹೇಳಿದ್ದೇ ಬೆಲೆ.

ಗೆಳೆಯರಿಗೆ ಬೇಕಾಗಿದ್ದದ್ದು ಹಿಂದಿನ ಬಾಗಿಲಿನ ಹಿಡಿ. ಇಂಥ ಹಿಡಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಅಚ್ಚು ಹೊಯ್ದು ಮೇಲೆ ಕ್ರೋಮ್ ಹಾಕುತ್ತಿದ್ದರು. ಮಲೆನಾಡಿನ ತೇವ ಕ್ರೋಮಿನ ಸೂಕ್ಷ್ಮ ಬಿರುಕಿನೊಳಗೆ ಇಳಿದರೆ ಅಡಿಯ ಲೋಹ ಬೂದಿಯಾಗುತ್ತದೆ, ಕ್ರೋಮ್ ಬೊಬ್ಬೆ ಏಳುತ್ತದೆ, ಒಂದು ದಿನ ಹಿಡಿ ಕೈಗೆ ಬರುತ್ತದೆ. ಇದನ್ನು ಬೆಸೆಯಲು ಹೋದರೆ ಬೆಸುಗೆ ಹಿಡಿಯುವ ಮೊದಲು ಹಿಡಿಯೇ ಕರಗಿ ಹನಿಯಾಗುತ್ತದೆ. ಹಿತ್ತಾಳೆಯಲ್ಲಿ ಹೊಸದಾಗಿ ಎರಕ ಹೊಯ್ಯಿಸುವುದೊಂದೇ ದಾರಿ. ಎರಕ ಗೊತ್ತಿಲ್ಲದ ಜಿಲ್ಲೆಯೇನಲ್ಲ ನಮ್ಮದು. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಿಂದಲೇ ಕಬ್ಬಿಣ ಕರಗಿದೆ. ಶಿವಮೊಗ್ಗದ ಫೌಂಡ್ರಿಗಳು ದೊಡ್ಡ ದೊಡ್ಡ ವಾಹನ ಕಂಪನಿಗಳಿಗೆ ಮಾಲು ಕಳಿಸುತ್ತವೆ. ಆದರೆ ಟನ್ನುಗಟ್ಟಲೆ ಹೊಯ್ಯುವಲ್ಲಿ ಹೋಗಿ "ನಮ್ಮದೊಂದು ಹಿಡಿ ಇತ್ತು" ಅನ್ನುವುದು ಹೇಗೆ? ಒಂದು ಸಣ್ಣ ಫೌಂಡ್ರಿಯವರು ಕರುಣೆ ತೋರಿ, ತಮ್ಮಲ್ಲಿ ಹಿತ್ತಾಳೆ ಕಾಯುವ ದಿನ ಹೊಯ್ದುಕೊಡುತ್ತೇವೆ, ಪ್ಯಾಟರ್ನ್ ಮಾತ್ರ ನೀವೇ ತನ್ನಿ ಅಂದರು.

ಪ್ಯಾಟರ್ನ್ ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಲು ಬೇಕಾದ ಮಾದರಿ. ಇನ್ನೊಂದು ಬಾಗಿಲಿನ ಸರಿಯಿರುವ ಹಿಡಿಯನ್ನೇ ಒತ್ತಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಕಾದ ಹಿತ್ತಾಳೆ ಆರುವಾಗ ಕುಗ್ಗುತ್ತದೆ, ನೂರು ಮಿಲಿಮೀಟರಿಗೆ ಸುಮಾರು ಒಂದೂವರೆ. ಹಿಡಿಯ ನಕಲು ಹಿಡಿಗಿಂತ ಗಿಡ್ಡವಾಗಿ ಬರುತ್ತದೆ, ಸ್ಕ್ರೂ ತೂತು ಕೂಡುವುದಿಲ್ಲ. ಮಾದರಿ ಅಷ್ಟು ದೊಡ್ಡದಿರಬೇಕು. ಜೊತೆಗೆ ಅದರ ಬದಿಗಳು ಸ್ವಲ್ಪ ಇಳಿಜಾರಾಗಿರಬೇಕು. ನೆಟ್ಟಗಿದ್ದರೆ ಮೇಲೆತ್ತುವಾಗ ಮರಳು ಕಿತ್ತುಬರುತ್ತದೆ.

ಸಾಗರದಲ್ಲಿ ಮರ ಕೆತ್ತುವವರನ್ನು ಹುಡುಕಬೇಕೇ? ಗುಡಿಗಾರರ ಊರು. ಗಂಧದಲ್ಲಿ ದೇವರನ್ನೂ ಬಳ್ಳಿಯನ್ನೂ ಕೆತ್ತುವ ಕೈಗಳು. ನಾವು ಹೋದಾಗ ಅಲ್ಲಿನ ಹಿರಿಯರು ಒಂದು ಗಣಪತಿಯ ಸೊಂಡಿಲಿನ ತಿರುವಿನಲ್ಲಿದ್ದರು. ಫಿಯಟ್ಟಿನ ಹಿಡಿಯನ್ನು ಅದರ ಪಕ್ಕದಲ್ಲಿ ಇಟ್ಟದ್ದು ನನಗೇ ಸ್ವಲ್ಪ ಅಧಿಕಪ್ರಸಂಗ ಅನ್ನಿಸಿತು. ಅವರಿಗೆ ಅನ್ನಿಸಲಿಲ್ಲ. ಕೈಗೆತ್ತಿಕೊಂಡು, ಬೆರಳು ಹಿಡಿಯುವ ಒಳಗಿನ ಬಾಗನ್ನು ಹೆಬ್ಬೆರಳಿನಿಂದ ಸವರಿ, "ಯಾರೋ ಕೈ ನೋಡಿ ಮಾಡಿದ್ದಾರೆ," ಅಂದರು. ಫೌಂಡ್ರಿಯವರು ಒಂದು ಸ್ಕೇಲು ಕೊಟ್ಟಿದ್ದರು, ಕುಗ್ಗುವ ಲೆಕ್ಕವನ್ನು ಮೊದಲೇ ಸೇರಿಸಿ ಗೆರೆಗಳನ್ನು ಅಗಲ ಮಾಡಿದ ಸ್ಕೇಲು. ಅದನ್ನು ತಮ್ಮ ಸ್ಕೇಲಿನ ಪಕ್ಕ ಇಟ್ಟು ನೋಡಿ ಹಿರಿಯರು ನಕ್ಕರು: "ಇದು ಸುಳ್ಳು ಹೇಳೋ ಸ್ಕೇಲು ಮಾರಾಯ್ರೆ!" ಆದರೆ ಶಿವಣೆ ಮರದ ತುಂಡಿಗೆ ಗೆರೆ ಎಳೆದದ್ದು ಆ ಸುಳ್ಳು ಸ್ಕೇಲಿನಲ್ಲೇ. ಚಾಣವನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಅದನ್ನು ತಡೆಯುವುದೇ ಅವರ ಕೆಲಸ ಎಂಬಂತಿತ್ತು. ಮರ ತಾನಾಗಿ ಬಿಟ್ಟುಕೊಡುತ್ತಿತ್ತು. ಬದಿಯ ಇಳಿಜಾರಿನ ವಿಷಯವನ್ನು ನಾವು ವಿವರಿಸಲು ಹೊರಟಾಗ ಕೈ ಎತ್ತಿ ನಿಲ್ಲಿಸಿದರು. ಅಚ್ಚಿನಿಂದ ಬಿಡಿಸಿಕೊಳ್ಳುವುದು ಹೇಗೆಂದು ಅವರಿಗೆ ಫಿಯಟ್ಟಿನವರು ಹೇಳಿಕೊಡಬೇಕಾಗಿರಲಿಲ್ಲ.

ಹಿಡಿ ಬಂತು. ಅರ ಹಾಕಿ, ಪಾಲಿಶ್ ಮಾಡಿಸಿ, ನಿಕ್ಕಲ್ ಕೊಟ್ಟು, ಅದರ ಮೇಲೆ ಕ್ರೋಮ್. ತುಕ್ಕು ತಡೆಯುವುದು ಅಡಿಯ ನಿಕ್ಕಲ್ಲು. ಹೊಗಳಿಕೆ ಪಡೆಯುವುದು ಮೇಲಿನ ಕ್ರೋಮು. ಹಿತ್ತಾಳೆ ಸತುವಿಗಿಂತ ತೂಕ, ಹಾಗಾಗಿ ಆ ಒಂದು ಬಾಗಿಲನ್ನು ತೆಗೆದಾಗ ಕೈಗೆ ಬೇರೆಯೇ ಗತ್ತು ತಿಳಿಯುತ್ತದೆ. ಗೆಳೆಯರು ಮನೆಗೆ ಬಂದವರನ್ನೆಲ್ಲ ಆ ಬಾಗಿಲಿನಿಂದಲೇ ಹತ್ತಿಸುತ್ತಾರೆ.

ಸಣ್ಣಪುಟ್ಟವಕ್ಕೆ ಇಷ್ಟು ಶಾಸ್ತ್ರ ಬೇಕಿಲ್ಲ. ತೀರ್ಥಹಳ್ಳಿಯ ಸಾಬರೊಬ್ಬರು ಪ್ಯಾಕಿಂಗ್ ಹಾಳೆಯನ್ನು ನೇರ ಎಂಜಿನ್ನಿನ ಮುಖದ ಮೇಲೆ ಹಾಸಿ, ಗುಂಡು ಸುತ್ತಿಗೆಯಿಂದ ಅಂಚಿನ ಗುಂಟ ಟಕಟಕ ತಟ್ಟುತ್ತಾ ಹೋಗುತ್ತಾರೆ. ಕಬ್ಬಿಣದ ಅಂಚೇ ಕತ್ತರಿಯಾಗಿ ಹಾಳೆ ಬಿಡುತ್ತದೆ, ಬೋಲ್ಟಿನ ತೂತಿಗೆ ಬೇರಿಂಗಿನ ಗುಂಡು ಇಟ್ಟು ಒಂದೇ ಏಟು. ಅಳತೆ ಇಲ್ಲ, ಗೆರೆ ಇಲ್ಲ. ಅವರ ಬಾಯಲ್ಲಿ ಡಿಸ್ಟ್ರಿಬ್ಯೂಟರ್ ಯಾವ ಕಂಪನಿಯದೇ ಇರಲಿ 'ಡೆಲ್ಕೋ'. ಅದರ ಮೈಮೇಲೆ ಲೂಕಾಸ್ ಎಂದು ಕೆತ್ತಿದ್ದರೂ ಅದು ಲೂಕಾಸಿನ ಡೆಲ್ಕೋ. ಆರು ವೋಲ್ಟಿನ ಹಿಂದೀಪದ ಬಲ್ಬಿಗೆ ಅವರು ತೋರಿಸಿದ ದಾರಿ ನನಗೆ ಬಹಳ ಮೆಚ್ಚುಗೆಯಾಯಿತು: ಹಳೆಯ ಬೈಕಿನ ಅಂಗಡಿಗೆ ಹೋಗಿ ಕೇಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಯೆಜ್ದಿ ಬೈಕುಗಳ ಪುಣ್ಯದಿಂದ ಕರ್ನಾಟಕದ ಯಾವುದೋ ಮೂಲೆಯ ಡ್ರಾಯರಿನಲ್ಲಿ ಆರು ವೋಲ್ಟು ಇನ್ನೂ ಜೀವಂತ.

ಸಿಕ್ಕಿದ್ದನ್ನು ತರಿಸುವುದು ಇನ್ನೊಂದು ಅಧ್ಯಾಯ. ಕೊರಿಯರ್ ಈಗ ಎಲ್ಲ ಕಡೆ ಇದೆ, ಆದರೆ ನಮ್ಮವರಿಗೆ ನಂಬಿಕೆ ಬಸ್ಸಿನ ಕಂಡಕ್ಟರಿನ ಮೇಲೆ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಫ್ಯುಯೆಲ್ ಪಂಪು ಶಿವಮೊಗ್ಗದಲ್ಲಿ ಡ್ರೈವರಿನ ಸೀಟಿನ ಹಿಂದೆ ಹತ್ತುತ್ತದೆ. ಇಳಿಯುವ ನಿಲ್ದಾಣದಲ್ಲಿ ಕಾದು ನಿಂತವನ ಮುಖ ನೋಡಿಯೇ ಕಂಡಕ್ಟರ್ ಪೊಟ್ಟಣ ಚಾಚುತ್ತಾನೆ. ಶರಾವತಿ ಹಿನ್ನೀರಿನ ಆಚೆ ಇರುವವರಿಗೆ ಇದು ಇಷ್ಟು ಸಲೀಸಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ತುಮರಿ ಕಡೆಯವರಿಗೆ ಬಸ್ಸು, ಜೀಪು, ಪೊಟ್ಟಣ ಎಲ್ಲವೂ ಲಾಂಚು ಹತ್ತಿಯೇ ಬರಬೇಕಿತ್ತು. ಕಡೆಯ ಲಾಂಚು ತಪ್ಪಿದರೆ ಕ್ಲಚ್ ಪ್ಲೇಟೂ ದಡದಲ್ಲೇ ರಾತ್ರಿ ಕಳೆಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಆಯಿತು. ಅಲ್ಲಿಯವರು ಆರು ದಶಕ ಕಾದದ್ದು ಕ್ಲಚ್ ಪ್ಲೇಟಿಗಲ್ಲ ಬಿಡಿ.

ಈಗ ಮತ್ತೆ ಭಾವನ ಎಂಜಿನ್ನಿಗೆ ಬರೋಣ. ಚೆನ್ನೈ ಕಡೆಯಿಂದ ಒಂದು ಪೆಟ್ರೋಲ್ ಎಂಜಿನ್ ಬಂತು. ಬ್ಲಾಕು ಗಟ್ಟಿ. ಬೋರು ಸವೆದಿದ್ದಕ್ಕೆ ಲೈನರ್ ಹಾಕಿಸಿ, ಕ್ರ್ಯಾಂಕು ಗ್ರೈಂಡ್ ಮಾಡಿಸಿ ಸರಿಮಾಡಿದ್ದಾಯಿತು. ಅಷ್ಟರಲ್ಲಿ ಅವನ ಮಗಳು ಕಾನೂನು ಓದಿ ಹೇಳಿದಳು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ ಬೇರೆ ನಿಯಮ ಮಾಡಿದೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ ವಿಂಟೇಜ್, ನಂಬರಿನಲ್ಲಿ 'ವಿಎ' ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಭಾವ "ನಾ ಹೇಳಿದ್ದಿಲ್ಯ?" ಎಂಬಂತೆ ನನ್ನ ಕಡೆ ನೋಡಿದ. ಮಗಳು ಓದುವುದನ್ನು ಮುಗಿಸಿರಲಿಲ್ಲ. ಆ ನಂಬರು ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ. ಅಡಿಕೆ ಮೂಟೆ ಹಾಕಿಕೊಂಡು ಸಾಗರದ ಮಂಡಿಗೆ ಹೋಗುವ ಕನಸು ಅಲ್ಲಿಗೆ ಮುಗಿಯಿತು. ರಿಪೇರಿಗೆ ಹೋಗಬಹುದಲ್ಲ, ಅದಂತೂ ವಾರಕ್ಕೊಮ್ಮೆ ಇದ್ದೇ ಇರುತ್ತದೆ ಎಂದು ನಾನು ಸಮಾಧಾನ ಹೇಳಿದೆ.

ನನ್ನ ತಕರಾರು ಕಾನೂನಿನ ಮೇಲಲ್ಲ, ಆ 'ಮೂಲ'ದ ಮೇಲೆ. ಪೆಟ್ರೋಲ್ ಎಂಜಿನ್ ಆ ಜೀಪಿನಲ್ಲಿ ಇದ್ದದ್ದು ಹತ್ತು-ಹನ್ನೆರಡು ವರ್ಷ. ಟ್ರ್ಯಾಕ್ಟರಿನ ಎಂಜಿನ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ದುಡಿದಿದೆ. ಭಾವನ ಹೆಂಡತಿಯನ್ನು ಹೆರಿಗೆಗೆ ಆಸ್ಪತ್ರೆಗೆ ತಲುಪಿಸಿದ್ದು, ಊರಿನ ಮದುವೆಗಳಿಗೆ ಇಪ್ಪತ್ತು ಜನ ನೇತಾಡಿಕೊಂಡು ಹೋದದ್ದು ಎಲ್ಲವೂ ಡೀಸೆಲ್ ಹೊಗೆಯಲ್ಲೇ. ಅದನ್ನು ಕೂರಿಸಲು ಅಪ್ಪಯ್ಯ ಯಾರೋ ಕಮ್ಮಾರರಿಂದ ಮಾಡಿಸಿದ ಮೌಂಟಿಂಗ್ ಪಟ್ಟಿಗಳನ್ನು ನೋಡಬೇಕು. ಲಾರಿಯ ಬ್ಲೇಡನ್ನೇ ಕಾಯಿಸಿ ಬಗ್ಗಿಸಿದ್ದು, ಸುತ್ತಿಗೆಯ ಏಟಿನ ಗುರುತು ಈಗಲೂ ಇದೆ. ನಮ್ಮ ಆಚಾರ್ರ ಉಲ್ಟಾ ಬುಷ್ಷಿಗೆ ಭಾವ ಊರೆಲ್ಲ ಹೊಗಳಿಕೆ ಹಂಚುತ್ತಾನೆ, ಆ ಕಮ್ಮಾರರ ಪಟ್ಟಿಯನ್ನು ಕತ್ತರಿಸಿ ಎಸೆಯಲು ಹೊರಟಿದ್ದ. ಮಾಡಿಸಿದ್ದೇ ಮೇಲು ಎಂದಾದರೆ ಐವತ್ತು ವರ್ಷದ ಹಿಂದೆ ಮಾಡಿಸಿದ್ದು ಯಾಕೆ ಕೀಳಾಯಿತೋ ಕೇಳಿದೆ. "ಅದು ಬೇರೆ ಲೆಕ್ಕ ಭಾವಾ," ಅಂದ. ಯಾವ ಲೆಕ್ಕವೆಂದು ಈವರೆಗೆ ಹೇಳಿಲ್ಲ.

ಅಂತೂ ಡೀಸೆಲ್ ಎಂಜಿನ್ ಜೀಪಿನಿಂದ ಇಳಿದು ಅಡಿಕೆ ಅಂಗಳದ ಮೂಲೆಯಲ್ಲಿ ತಾಡಪಾಲು ಹೊದ್ದು ಕೂತಿದೆ. ಹ್ಯಾಂಡ್ಲು ಹೊಡೆದರೆ ಈಗಲೂ ಎರಡನೇ ಸುತ್ತಿಗೆ ಸ್ಟಾರ್ಟ್. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೋ, ಪಂಪಿಗೆ ಕೂರಿಸಿಕೊಳ್ಳುವವರಿಗೋ ಬೇಕಿದ್ದರೆ ಬಂದು ನೋಡಬಹುದು. ಬೆಲೆ ಕೂತು ಮಾತಾಡೋಣ. ಆ ಮೌಂಟಿಂಗ್ ಪಟ್ಟಿಗಳನ್ನು ಮಾತ್ರ ಕೇಳಬೇಡಿ, ಅವು ನನ್ನ ಮನೆಗೆ ಬಂದಿವೆ.